ಸಾಲಿನಲ್ಲಿ ಆಡಬಾರದ ಮಾತು

ಬೆಳಿಗ್ಗೆಯಿಂದ ವೆಲ್ಕೊ ಹೆಂಡತಿಯ ಮೇಲೆ ರೇಗುತ್ತಲೇ ಇದ್ದ. ಮೊಟ್ಟೆ ಬೇಯಲು ಇಟ್ಟದ್ದು ತಪ್ಪು, ಕಿಟಕಿ ತೆರೆದದ್ದು ತಪ್ಪು, ತನ್ನ ಕಪ್ಪು ಕೋಟಿಗೆ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ನೇತುಹಾಕಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. "ಸಂಜೆ ಹೇಗೂ ಕ್ಷಮೆ ಕೇಳ್ತೀನಲ್ಲ ಅಂತ ವರ್ಷದ ಬೈಗುಳಾನೆಲ್ಲ ಇವತ್ತೇ ಮುಗಿಸ್ತಾ ಇದೀಯಾ?" ಎಂದಳು ಎಲಿತ್ಸಾ, ಒಲೆಯಿಂದ ಮುಖ ತಿರುಗಿಸದೆ. ಅವಳಿಗೆ ಕೋಪ ಮಾಡಿಕೊಳ್ಳಲೂ ಪುರುಸೊತ್ತಿರಲಿಲ್ಲ. ಮಾಂಸಕ್ಕೆ ಹೋದ ವಾರವೇ ಕೊನೆ ಹೇಳಿಯಾಗಿತ್ತು. ಹಾಲು, ಮೊಟ್ಟೆ, ಚೀಸಿಗೆ ಇವತ್ತು ಕೊನೆ. ನಾಳೆಯಿಂದ ಈಸ್ಟರ್‌ವರೆಗೆ ಉಪವಾಸ. ಪದರ ಪದರವಾಗಿ ಹಿಟ್ಟು ಲಟ್ಟಿಸಿ, ನಡುವೆ ಚೀಸು ಮೊಟ್ಟೆ ಸುರಿದು ಬಾನಿತ್ಸಾ ಮಾಡುತ್ತಿದ್ದಳು. ವೆಲ್ಕೊ ಕೋಟಿನ ತೋಳನ್ನು ಮುಟ್ಟಿದ, ಬಿಟ್ಟ. ರೇಗುತ್ತಿದ್ದದ್ದು ಮೊಟ್ಟೆಯ ಮೇಲಲ್ಲ, ಈ ಕೋಟಿನ ಮೇಲೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೋಟು ಅವನದಲ್ಲ, ಜೊತೆಗೆ ಮೀನು ಹಿಡಿಯುತ್ತಿದ್ದ ಅಸೆನ್‌ನದು. ಅಸೆನ್ ಹೊಳೆಯಲ್ಲಿ ಸತ್ತ ವರ್ಷ ಅವನ ತಾಯಿ ಗಿನ್ಕಜ್ಜಿ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು, "ನನ್ನ ಮಗನ್ನ ಉಳಿಸೋಕೆ ಪ್ರಾಣಾನೇ ಒತ್ತೆ ಇಟ್ಟೋನು ನೀನು, ನೀನೇ ಹಾಕ್ಕೊ" ಎಂದು ಅವನ ಹೆಗಲಿಗೆ ಹೊದಿಸಿ ಹೋಗಿದ್ದಳು. ಆಮೇಲೆ ಅದನ್ನು ಹಾಕದಿದ್ದರೆ ಊರು ಯಾಕೆಂದು ಕೇಳುತ್ತಿತ್ತು. ಹಾಕಿದ. ಇಷ್ಟು ವರ್ಷಗಳಲ್ಲಿ ಒಳಗಿನ ಬಟ್ಟೆಯನ್ನು ಎಲಿತ್ಸಾ ಎರಡು ಸಲ ಬದಲಾಯಿಸಿದ್ದಳು, ಗುಂಡಿಗಳು ಹೊಸವು, ಅವನ ಹೊಟ್ಟೆಗೆಂದು ಹೊಲಿಗೆಯನ್ನೂ ಬಿಚ್ಚಿ ಸಡಿಲ ಮಾಡಿಯಾಗಿತ್ತು. ಆದರೂ ಕೋಟು ಅಸೆನ್‌ನದಾಗಿಯೇ ಇತ್ತು.

ಅವನು ಕೋಟನ್ನು ಹಾಕಿಕೊಂಡೇ ಅಂಗಳದಲ್ಲಿ ನಿಂತ. ಇಳಿಜಾರಿನ ಕೆಳಗೆ ಡ್ಯಾನ್ಯೂಬ್ ಬೂದುಬಣ್ಣಕ್ಕೆ ತಿರುಗಿ ಹರಿಯುತ್ತಿತ್ತು. ಊರಿನವರು ಅದನ್ನು ಬರೀ ಹೊಳೆ ಅನ್ನುತ್ತಾರೆ, ಬೇರೆ ಹೊಳೆ ಇದ್ದರೆ ತಾನೆ. ಆವತ್ತು ಪ್ರವಾಹ ಇಳಿಯುವ ಕಾಲ, ಅವನೂ ಅಸೆನ್‌ನೂ ಬಲೆ ಎತ್ತಲು ಹೋಗಿದ್ದರು, ದೊಡ್ಡ ಸರಕುದೋಣಿಯೊಂದು ಎಬ್ಬಿಸಿದ ಅಲೆಗೆ ದೋಣಿ ಮಗುಚಿತು. ನೀರಿನ ಚಳಿಗೆ ಉಸಿರು ಒಳಗೇ ಕಟ್ಟಿಹೋಗಿತ್ತು. ಹೇಗೋ ಬಾಗಿದ್ದ ಕೊಂಬೆಯೊಂದು ವೆಲ್ಕೊನ ಕೈಗೆ ಸಿಕ್ಕಿತು. ಅಷ್ಟರಲ್ಲಿ ಕಾಲಿಗೆ ಏನೋ ತೊಡರಿತು. ಒದ್ದ. ಮೊದಲನೆಯ ಒದೆತ ಹೆದರಿಕೆಯದು, ಯಾವ ಪ್ರಾಣಿಯಾದರೂ ಒದೆಯುತ್ತಿತ್ತು. ಅದರ ಮಟ್ಟಿಗೆ ಅವನು ತಾನೇ ನ್ಯಾಯಾಧೀಶನಾಗಿ ತನ್ನನ್ನು ಎಷ್ಟೋ ಸಲ ಖುಲಾಸೆ ಮಾಡಿಕೊಂಡಿದ್ದ. ಎರಡನೆಯದು ಹಾಗಲ್ಲ. ಎರಡನೆಯದಕ್ಕೆ ಮುಂಚೆ ತಿರುಗಿ ನೋಡಿದ್ದ. ಅಸೆನ್‌ನ ಮುಖ ನೀರಿನ ಮೇಲಿತ್ತು, ಕೊಂಬೆ ಬಿರಿಯುವ ಸದ್ದು ಕೇಳುತ್ತಿತ್ತು, ಇಬ್ಬರ ಭಾರ ಅದು ತಾಳದು ಎಂಬ ಲೆಕ್ಕ ತಲೆಯಲ್ಲಿ ಸ್ಪಷ್ಟವಾಗಿ ನಡೆಯಿತು, ಸಂತೆಯಲ್ಲಿ ಮೀನು ತೂಗುವಾಗ ನಡೆಯುವಷ್ಟೇ ಸ್ಪಷ್ಟವಾಗಿ. ಒದ್ದ. ದಡಕ್ಕೆ ಎಳೆದು ಕಂಬಳಿ ಹೊದಿಸಿದಾಗ ಯಾರೋ ಹೆಂಗಸು, "ಪಾಪ, ಅವನಿಗಾಗಿ ಎಷ್ಟು ಸಲ ಮುಳುಗಿದನೋ" ಎಂದಳು. ಅವನ ಹಲ್ಲು ಕಟಕಟ ಅನ್ನುತ್ತಿತ್ತು. ತಲೆಯಾಡಿಸಿದ. ಸುಳ್ಳು ಕೂಡ ಅವನು ಕಷ್ಟಪಟ್ಟು ಕಟ್ಟಿದ್ದಲ್ಲ, ಯಾರೋ ಕೊಟ್ಟರು, ತೆಗೆದುಕೊಂಡ.

"ಹೊತ್ತಾಯ್ತು, ಗಂಟೆ ಹೊಡೀತಿದೆ" ಎಂದು ಎಲಿತ್ಸಾ ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಬಂದಳು. ಅವಳ ಹಿಂದೆ ಇಳಿಜಾರು ಇಳಿಯುತ್ತ ಅವನು ಗಿನ್ಕಜ್ಜಿಯ ಮನೆಯ ಕಡೆ ನೋಡದಿರಲು ಪ್ರಯತ್ನಿಸಿದ. ಉಪವಾಸಕ್ಕೆ ಮುಂಚಿನ ಈ ಭಾನುವಾರ ಕಿರಿಯರು ಹಿರಿಯರ ಮನೆಗೆ ಹೋಗಿ ಕೈಗೆ ಮುತ್ತಿಟ್ಟು ಕ್ಷಮೆ ಕೇಳಬೇಕು. ಪ್ರತಿ ವರ್ಷ ಅವನು ಅವಳ ಮನೆಗೆ ಹೋಗಿದ್ದಾನೆ, ಒಂದು ಕಿತ್ತಳೆಹಣ್ಣು ಹಿಡಿದುಕೊಂಡು. ‘ನನ್ನನ್ನ ಕ್ಷಮಿಸಿ’ ಅನ್ನುತ್ತಾನೆ. ‘ದೇವರು ಕ್ಷಮಿಸ್ತಾನೆ, ನಿಂದೇನಪ್ಪ ತಪ್ಪು ನನ್ನ ಕಂದ’ ಅನ್ನುತ್ತಾಳೆ. ಏತಕ್ಕೆಂದು ಅವನು ಹೇಳುವ ಹಾಗಿಲ್ಲ, ಅವಳು ಕೇಳುವ ಹಾಗಿಲ್ಲ, ಪದ್ಧತಿ ಇರುವುದೇ ಹಾಗೆ. ಹೊರಗೆ ಬಂದಾಗ ಪ್ರತಿ ವರ್ಷವೂ ಅವನಿಗೆ ಕುರುಡಿಯ ಜೇಬಿಗೆ ಕೈಹಾಕಿ ಬಂದಂತಾಗುತ್ತದೆ. ಈ ವರ್ಷ ಬೆಳಿಗ್ಗೆ ಹೋಗಲಿಲ್ಲ. ಹೋಗದಿದ್ದಕ್ಕೆ ಎಲಿತ್ಸಾ ಗೊಣಗಿದಳು, ಜ್ವರ ಬಂದ ಹಾಗಿದೆ ಎಂದ, ಜ್ವರ ಬಂದವನು ಚರ್ಚಿಗೆ ಹೇಗೆ ಬರುತ್ತಾನೆ ಎಂದು ಅವಳು ಕೇಳಲಿಲ್ಲ.

ಹೋಗಲಾಗದ್ದಕ್ಕೆ ಕಾರಣ ಹೋದ ವಾರದ ಸತ್ತವರ ಶನಿವಾರ. ಆವತ್ತು ಎಲ್ಲರೂ ಸಮಾಧಿಗಳಿಗೆ ವೈನ್ ಸುರಿದು, ಬೇಯಿಸಿದ ಗೋಧಿಯನ್ನು ಹಂಚಿ ತಿನ್ನುತ್ತಿದ್ದಾಗ ಗಿನ್ಕಜ್ಜಿ ಅವನ ತೋಳು ಹಿಡಿದು ಅಸೆನ್‌ನ ಕಲ್ಲಿನ ಪಕ್ಕದ ಖಾಲಿ ಜಾಗ ತೋರಿಸಿದಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಮುಖಗಳು ಕಾಣುವುದಿಲ್ಲ, ಜಾಗ ಮಾತ್ರ ಕಾಲಿಗೆ ಗೊತ್ತು. "ಇಲ್ಲಿ ನಾನು. ಮೊದಲ ಹಿಡಿ ಮಣ್ಣು ನೀನೇ ಹಾಕ್ಬೇಕು. ಮಗ ಹಾಕ್ಬೇಕಾದ್ದು. ಪಾದ್ರಿಗೂ ಹೇಳಿದೀನಿ, ವೆಲ್ಕೊನೇ ನನ್ನ ಮಗ ಅಂತ." ಆ ಕ್ಷಣ ಅವನಿಗೆ ಅವಳ ಮೇಲೆ ಕೋಪ ಬಂತು, ನಿಜವಾದ ಕೋಪ, ಇನ್ನೆಷ್ಟು ಕೊಡುತ್ತೀ ಮುದುಕಿ ಎಂದು. ಅಂದಿನಿಂದ ನಿದ್ದೆ ಇಲ್ಲ. ಹಳೆಯ ಪಾದ್ರಿ ಯೊವ್ಚೊ ಬದುಕಿದ್ದರೆ ಮತ್ತೆ ಅವರ ಬಳಿ ಓಡುತ್ತಿದ್ದನೇನೋ. ಅವರೊಬ್ಬರಿಗೆ ಗೊತ್ತಿತ್ತು. ಪಾಪನಿವೇದನೆಯಲ್ಲಿ ಎಲ್ಲ ಹೇಳಿದ್ದ, ಅವರು ತಮ್ಮ ಮೇಲ್ವಸ್ತ್ರವನ್ನು ಅವನ ತಲೆಗೆ ಹೊದಿಸಿ ಮಂತ್ರ ಹೇಳಿ, "ಕ್ರಿಸ್ತ ಕ್ಷಮಿಸಿದಾನೆ. ಆದ್ರೆ ಆ ತಾಯಿಗೆ ಹೇಳ್ಬೇಡ. ನಿನ್ನ ಎದೆ ಮೇಲಿನ ಕಲ್ಲನ್ನ ಅವಳ ಎದೆ ಮೇಲಿಟ್ಟು ನೀನು ಹಗುರಾಗೋದು ಬೇಡ" ಎಂದಿದ್ದರು. ಇಷ್ಟೇನಾ, ಎಂದುಕೊಂಡಿದ್ದ ಅವನು ಆ ಬಟ್ಟೆಯ ಕತ್ತಲಲ್ಲಿ. ಇಷ್ಟು ಸಸ್ತಾನಾ. ಹೊರಗೆ ಬಂದರೆ ಪಾದ್ರಿಯ ಹೆಂಡತಿ ಅಂಗಳದಲ್ಲಿ ಕೋಳಿಗೆ ಕಾಳು ಹಾಕುತ್ತಿದ್ದಳು.

ಚರ್ಚಿನೊಳಗೆ ಪ್ರಾರ್ಥನೆಯ ನಡುವೆ ಬಿಳಿಯ ಪರದೆಗಳನ್ನು ತೆಗೆದು ಕಪ್ಪು ಹಾಕಿದರು, ಹಾಡಿನ ಧಾಟಿ ಬದಲಾಯಿತು. ಹೊಸ ಪಾದ್ರಿ ಮೆತೋದಿ ವಯಸ್ಸಿನಲ್ಲಿ ಚಿಕ್ಕವರು, ಎಲ್ಲ ಕ್ರಮವಾಗಿ ನಡೆಯಬೇಕು ಅವರಿಗೆ. ನೆಲಕ್ಕೆ ಹಣೆ ಮುಟ್ಟಿಸಿ ಮೊದಲು ತಾವೇ ಜನರ ಕ್ಷಮೆ ಕೇಳಿದರು. ಆಮೇಲೆ ಸಾಲು ಶುರುವಾಯಿತು. ಮೊದಲನೆಯವನು ಪಾದ್ರಿಯ ಎದುರು ಬಾಗಿ ಕ್ಷಮೆ ಕೇಳಿ, ಅವರ ಪಕ್ಕ ನಿಲ್ಲುತ್ತಾನೆ. ಎರಡನೆಯವನು ಪಾದ್ರಿಯ ನಂತರ ಅವನ ಮುಂದೆಯೂ ಬಾಗುತ್ತಾನೆ. ಹೀಗೆ ಸಾಲು ಗೋಡೆಯುದ್ದಕ್ಕೂ ತನ್ನನ್ನೇ ಸುತ್ತಿಕೊಳ್ಳುತ್ತ ಬೆಳೆಯುತ್ತದೆ, ಊರಿನ ಪ್ರತಿಯೊಬ್ಬ ಊರಿನ ಪ್ರತಿಯೊಬ್ಬನ ಮುಖ ನೋಡಲೇಬೇಕು. ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮೊಣಕಾಲಿನ ನೋವಿಗೆಂದು ಗಿನ್ಕಜ್ಜಿಯನ್ನು ಸಾಲಿನಲ್ಲಿ ಮೊದಲೇ ಕಳಿಸಿದ್ದರು; ಅವಳು ಸಂತ ನಿಕೋಲನ ಚಿತ್ರಪಟದ ಕೆಳಗೆ ಕೋಲು ಊರಿ ನಿಂತಿದ್ದಳು. ಎಲಿತ್ಸಾ ಬಹಳ ಮುಂದಿದ್ದಳು. ವೆಲ್ಕೊನ ಹಿಂದೆ ಕಸಾಯಿ ಕ್ರುಮ್ ನಿಂತಿದ್ದ. "ನಿನ್ನ ಕೋಳಿ ನನ್ನ ತೋಟ ಕೆದರಿದ್ದನ್ನ ಕ್ಷಮಿಸ್ಬಿಟ್ಟಿದೀನಿ ಕಣೋ" ಎಂದು ಕಿವಿಯಲ್ಲಿ ಪಿಸುಗುಟ್ಟಿದ, "ಕೋಳಿನ ಮಾತ್ರ. ನಿನ್ನ ವಿಚಾರ ಆಮೇಲೆ ನೋಡೋಣ." ವೆಲ್ಕೊ ನಗಲಿಲ್ಲ. "ಏನೋ, ಮುಖ ನೋಡಿದ್ರೆ ಯಾರನ್ನೋ ಕೊಂದು ಬಂದವನ ಹಾಗಿದೀಯ" ಎಂದ ಕ್ರುಮ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ವೆಲ್ಕೊನ ಕೈ ತಾನಾಗಿ ಕೋಟಿನ ಕೊರಳಪಟ್ಟಿಗೆ ಹೋಯಿತು.

ಸಾಲು ಸರಿಯಿತು. ನನ್ನನ್ನ ಕ್ಷಮಿಸು, ದೇವರು ಕ್ಷಮಿಸ್ತಾನೆ, ನನ್ನನ್ನೂ ಕ್ಷಮಿಸು, ದೇವರು ಕ್ಷಮಿಸ್ತಾನೆ. ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರು ಬಾಗಿದರು, ತಲೆಗೆ ತಲೆ ತಾಗಿತು, ಯಾರೋ ಕಿಸಕ್ಕೆಂದರು. ಹೇಳಿ ಹೇಳಿ ಮಾತು ಸವೆದು ಕೈಯಲ್ಲಿ ಜಾರುವ ಸಾಬೂನಿನ ಚೂರಾಗಿತ್ತು. ಅದೇ ವೆಲ್ಕೊನ ಆಸೆಯೂ ಆಗಿತ್ತು: ಹಾಗೇ ಜಾರಿಹೋಗಿಬಿಡಲಿ, ಬಾಗಲಿ, ಏಳಲಿ, ಇನ್ನೊಂದು ವರ್ಷ. ಹೇಳಿದರೆ ಏನಾಗುತ್ತದೆ? ಅವಳ ಕೊನೆಗಾಲದ ಒಂದೇ ಸಮಾಧಾನವನ್ನು ಕಿತ್ತುಕೊಂಡಂತಾಗುತ್ತದೆ. ಹೇಳದಿದ್ದರೆ? ಅವಳ ಮಗನನ್ನು ಒದ್ದ ಮನುಷ್ಯ ಅವಳ ಮಗನಾಗಿ ಮಣ್ಣು ಹಾಕುತ್ತಾನೆ. ಹೇಳುವುದು ಸ್ವಾರ್ಥ, ಹೇಳದಿರುವುದು ಕಳ್ಳತನ. ಎರಡರಲ್ಲಿ ಒಂದನ್ನು ಆರಿಸಲಾಗದೆ ಅವನು ಮುಂದಿನವನ ಕುತ್ತಿಗೆಯ ಮೇಲಿನ ಮಚ್ಚೆಯನ್ನು ನೋಡುತ್ತ ಒಂದೊಂದೇ ಹೆಜ್ಜೆ ಇಟ್ಟ. ಮಚ್ಚೆ ಪಕ್ಕಕ್ಕೆ ಸರಿಯಿತು. ಎದುರಿಗೆ ಗಿನ್ಕಜ್ಜಿ.

"ಯಾರು?"

"ವೆಲ್ಕೊ."

"ಬಂದ್ಯಾ ಕಂದ. ಜ್ವರ ಅಂತ ಹೇಳಿದ್ಲು ನಿನ್ನ ಹೆಂಡ್ತಿ."

"ನನ್ನನ್ನ ಕ್ಷಮಿಸಿ" ಎಂದು ಅವನು ಬಾಗಿದ.

"ದೇವರು ಕ್ಷಮಿಸ್ತಾನೆ. ನನ್ನನ್ನೂ ಕ್ಷಮಿಸಪ್ಪ."

ಈಗ ಅವನು ಉತ್ತರ ಕೊಟ್ಟು ಮುಂದೆ ಹೋಗಬೇಕು. ಅವಳು ಕೈ ಚಾಚಿದ್ದಳು, ಅದಕ್ಕೆ ಮುತ್ತಿಡಬೇಕು. ಕ್ರುಮ್ ಬೆನ್ನಿಗೆ ಬೆರಳಿನಿಂದ ತಿವಿದ.

"ಅಮ್ಮಾ, ಅಸೆನ್ ನೀರಲ್ಲಿ ನನ್ನ ಕಾಲು ಹಿಡ್ಕೊಂಡಿದ್ದ. ನಾನು ಒದ್ದೆ."

"ಏನಂದೆ?"

"ಒದ್ದೆ. ಮತ್ತೆ ತಿರುಗಿ, ಅವನೇ ಅಂತ ನೋಡಿ, ಇನ್ನೊಂದು ಸಲ ಒದ್ದೆ. ಮುಳುಗಿ ಹುಡುಕಿದ್ದೆಲ್ಲ ಸುಳ್ಳು. ನಾನು ಕೊಂಬೆ ಬಿಡಲೇ ಇಲ್ಲ."

ಅವನ ದನಿ ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಸಾಲಿನ ಪಿಸುಮಾತು ನಿಂತುಹೋಯಿತು. ಪಾದ್ರಿ ಮೆತೋದಿ ತಮ್ಮ ಜಾಗದಿಂದಲೇ, "ವೆಲ್ಕೊ! ಸಾಲಲ್ಲಿ ಪಾಪದ ಹೆಸರು ಹೇಳೋ ಹಾಗಿಲ್ಲ. ಅದಕ್ಕೆ ಬೇರೆ ಜಾಗ ಇದೆ. ಮುಂದೆ ನಡಿ" ಎಂದರು, ಶಾಲೆಯಲ್ಲಿ ಗದ್ದಲ ಮಾಡಿದವನಿಗೆ ಹೇಳುವ ಹಾಗೆ. ಯಾರೂ ಮುಂದೆ ನಡೆಯಲಿಲ್ಲ. ಗಿನ್ಕಜ್ಜಿಯ ಚಾಚಿದ ಕೈ ನಿಧಾನವಾಗಿ ಹಿಂದೆ ಹೋಯಿತು. ಅದನ್ನು ಅವಳು ಲಂಗಕ್ಕೆ ಒರೆಸಿಕೊಂಡಳು.

"ಅವನು ಏನಾದ್ರೂ ಅಂದ್ನಾ?"

"ನನ್ನ ಹೆಸರು ಕೂಗಿದ."

"ನಿನ್ನ ಹೆಸರು" ಎಂದಳು ಅವಳು. ಆಮೇಲೆ, "ದೇವರು ಕ್ಷಮಿಸ್ತಾನೋ ಇಲ್ವೋ ಅವನನ್ನೇ ಕೇಳ್ಕೊ. ನನ್ನ ಹತ್ರ ಇಲ್ಲ" ಎಂದು ಕೋಲಿನಿಂದ ನೆಲ ತಡವುತ್ತ ಬಾಗಿಲ ಕಡೆ ಹೊರಟಳು. ಹಿಡಿಯಲು ಹೋದ ಹೆಂಗಸಿನ ಕೈಯನ್ನು ಕೊಡವಿದಳು. ಸಾಲು ಅರ್ಧಕ್ಕೆ ಬಿಟ್ಟು ಹೋದವರನ್ನು ಆ ಊರು ಅಲ್ಲಿಯವರೆಗೆ ನೋಡಿರಲಿಲ್ಲ. ಪಾದ್ರಿ ಕೆಮ್ಮಿದರು. ಸಾಲು ಮತ್ತೆ ಸರಿಯತೊಡಗಿತು, ಏಕೆಂದರೆ ಇನ್ನೇನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮುಂದಿದ್ದವರೆಲ್ಲ ವೆಲ್ಕೊನಿಗೆ ಕ್ಷಮೆಯ ಮಾತು ಹೇಳಲೇಬೇಕಿತ್ತು, ಹೇಳಿದರು, ಎಲಿತ್ಸಾ ಕೂಡ, ಅವನ ಭುಜದಾಚೆಯ ಗೋಡೆಗೆ. ಕೊನೆಗೆ ಅವನು ಸಾಲಿನ ತುದಿಯಲ್ಲಿ ನಿಂತಾಗ ಕ್ರುಮ್ ಬಂದು ಅವನ ಮುಂದೆ ನಿಂತು, ಬಾಗದೆ, "ದೇವರು ಕ್ಷಮಿಸ್ತಾನೆ" ಎಂದು ನೆಲ ನೋಡಿಕೊಂಡು ಹೇಳಿದ. ಹೊಳೆಹಬ್ಬದ ದಿನ ಪಾದ್ರಿ ನೀರಿಗೆಸೆದ ಶಿಲುಬೆಯನ್ನು ಹಿಡಿಯಲು ಹುಡುಗರು ಧುಮುಕುವಾಗ, ‘ವೆಲ್ಕೊನ ಹಾಗೆ ಮುಳುಗ್ರೋ’ ಎಂದು ವರ್ಷ ವರ್ಷ ಕೂಗುತ್ತಿದ್ದವನು ಇವನೇ.

ಮನೆಗೆ ಹತ್ತುವಾಗ ಅವನು ಹಗುರಾಗುವುದಕ್ಕಾಗಿ ಕಾದ. ಹೇಳಿದರೆ ಹಗುರಾಗುತ್ತದೆ ಅನ್ನುತ್ತಾರಲ್ಲ. ಏನೂ ಆಗಲಿಲ್ಲ. ಯೊವ್ಚೊ ಹೇಳಿದ್ದೇ ನಿಜವಾಗಿತ್ತು, ಅದೂ ಅರ್ಧ ಮಾತ್ರ: ಕಲ್ಲನ್ನು ಅವಳ ಎದೆಯ ಮೇಲೂ ಇಟ್ಟಾಗಿತ್ತು, ತನ್ನ ಎದೆಯ ಮೇಲಿಂದಲೂ ಅದು ಇಳಿದಿರಲಿಲ್ಲ. ಕಣ್ಣು ಕಾಣದ ಮುದುಕಿಯನ್ನು ಊರೆದುರು ನಿಲ್ಲಿಸಿ ಅವಳ ಮಗನನ್ನು ಎರಡನೆಯ ಸಲ ಮುಳುಗಿಸಿದ್ದ. ಬೇಕಾದ್ದೇನು ಅವನಿಗೆ? ಶಾಪ. ಈಗ ಗೊತ್ತಾಯಿತು, ಇಷ್ಟು ವರ್ಷ ಅವನು ಹಂಬಲಿಸಿದ್ದು ಕ್ಷಮೆಗಲ್ಲ, ಅವಳು ಬಾಯಿತುಂಬ ಶಪಿಸಲಿ, ಮುಖಕ್ಕೆ ಉಗುಳಲಿ ಎಂದು. ಶಾಪವಾದರೆ ತನಗೆ ತಕ್ಕ ಅಳತೆಯದು, ಹೊತ್ತುಕೊಂಡು ತಿರುಗಬಹುದು. ಒಳಗೆ ಎಲಿತ್ಸಾ ಮುಂಚೆಯೇ ಬಂದು ಮೇಜಿನ ಮೇಲೆ ತಟ್ಟೆ ಇಡುತ್ತಿದ್ದಳು, ಒಂದೊಂದು ತಟ್ಟೆಯನ್ನೂ ಸದ್ದು ಮಾಡಿ. "ನನಗೆ ಹೇಳ್ಬಹುದಿತ್ತು" ಎಂದಳು. "ಪಕ್ಕದಲ್ಲಿ ಮಲಗೋಳಿಗೆ." ಅವನು ಬಾಯಿ ತೆರೆದ. "ಈಗ ನನ್ನನ್ನ ಕ್ಷಮೆ ಕೇಳ್ಬೇಡ. ನನಗಿನ್ನೂ ಸಿಟ್ಟು ಮಾಡ್ಕೊಂಡು ಮುಗಿದಿಲ್ಲ." ಅವನು ಕೋಟು ಬಿಚ್ಚಿ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ಬಾಗಿಲಿಗೆ ಕೋಲಿನಿಂದ ಬಡಿದ ಸದ್ದಾಯಿತು. ಎಲಿತ್ಸಾ ತೆರೆದಳು. ಹೊಸ್ತಿಲಾಚೆ ಗಿನ್ಕಜ್ಜಿ ಒಬ್ಬಳೇ, ಏದುಸಿರು ಬಿಡುತ್ತ, ಬೇಲಿ ಹಿಡಿದು ಹಿಡಿದು ಬಂದದ್ದಕ್ಕೆ ಅಂಗೈಯೆಲ್ಲ ಕೊಳೆ. ಹಿರಿಯರು ಈ ದಿನ ಕಿರಿಯರ ಹೊಸ್ತಿಲಿಗೆ ಬರುವುದಿಲ್ಲ. ಬಂದದ್ದನ್ನು ಎಲಿತ್ಸಾ ಕೇಳಿಯೂ ಇರಲಿಲ್ಲ. ಏನು ಹೇಳಬೇಕೋ ತೋಚದೆ ಅವಳು ಕುರ್ಚಿ ಎಳೆದಳು.

"ಕೂರೋಕೆ ಬಂದಿಲ್ಲ. ಇದಾನಾ ಅವನು?"

"ಇದೀನಿ" ಎಂದ ವೆಲ್ಕೊ.

"ಮನೆಗೆ ಹೋಗಿ ಬಾಗಿಲು ಹಾಕ್ಕೊಂಡೆ. ನಿನಗೆ ಶಾಪ ಹಾಕೋಣ ಅಂತ ಬಾಯಿ ತೆಗೆದೆ. ನಿನ್ನ ಮನೆ ಹಾಳಾಗ ಅಂತ ಶುರುನೂ ಮಾಡಿದೆ." ಅವಳು ಉಸಿರು ತೆಗೆದುಕೊಂಡಳು. "ಆವತ್ತು ದಡದಲ್ಲಿ ಏನಾಯ್ತು ಗೊತ್ತಾ? ಒಬ್ಬ ಬದುಕಿದಾನೆ ಅಂತ ಆಚೆಯಿಂದ ಕೂಗಿದ್ರು. ಯಾರು ಅಂತ ಹೇಳ್ಲಿಲ್ಲ. ನಾನು ಕೆಸರಲ್ಲಿ ಮಂಡಿ ಊರಿ ದೇವಮಾತೆಗೆ ಹೇಳ್ಕೊಂಡೆ. ಉಳಿದೋನು ನನ್ನವನಾಗ್ಲಿ, ವೆಲ್ಕೊ ಹೋಗ್ಲಿ ಅಂತ. ಹೆಸರು ಹಿಡಿದು ಹೇಳ್ದೆ. ನಿನ್ನ ತಾಯಿ ನನ್ನ ಪಕ್ಕದಲ್ಲೇ ಮಂಡಿ ಊರಿದ್ಲು, ನನ್ನ ಕೈ ಹಿಡ್ಕೊಂಡು. ವರ್ಷಾವರ್ಷ ನೀನು ಬಂದು ಬಾಗ್ದಾಗೆಲ್ಲ ನನಗೆ ಅದೇ. ಇವನು ಸಾಯ್ಲಿ ಅಂತ ಬೇಡಿದೋಳು ನಾನು, ಇವನೇ ಬಂದು ನನ್ನ ಕೈಗೆ ಮುತ್ತಿಡ್ತಾನೆ ಅಂತ. ಕೋಟು ಕೊಟ್ಟಿದ್ದೂ ಅದಕ್ಕೇ ಇರ್ಬೇಕು."

"ಅಮ್ಮಾ, ಅದೂ ಇದೂ ಒಂದೇ ಅಲ್ಲ" ಎಂದ ಅವನು.

"ಒಂದೇ ಅಂತ ಯಾರಂದ್ರು? ನಿಂದು ಕೊಲೆ. ನಂದು ಬರೀ ಬೇಡಿಕೆ, ಅದೂ ನಡೀಲಿಲ್ಲ. ತೂಗಿ ನೋಡೋಕೆ ನಾನು ಬೆಟ್ಟ ಹತ್ತಿ ಬರ್ಲಿಲ್ಲ." ಅವಳು ಕೋಲಿನಿಂದ ಹೊಸ್ತಿಲು ಕುಟ್ಟಿದಳು. "ಈಗ ಕೇಳು ನನ್ನನ್ನ. ಇಷ್ಟು ವರ್ಷ ಏತಕ್ಕೆ ಅಂತ ಗೊತ್ತಿಲ್ದೆ ಕ್ಷಮಿಸ್ದೆ. ಅದು ಬಾಯಿಪಾಠ. ಈಗ ಗೊತ್ತಿದೆ. ಕೇಳು, ಹೊತ್ತು ಮುಳುಗೋಕೆ ಮುಂಚೆ."

"ನನ್ನಿಂದ ಆಗಲ್ಲ. ನಾನದಕ್ಕೆ ಯೋಗ್ಯನಲ್ಲ."

"ಅದು ನನಗೆ ಗೊತ್ತಿಲ್ವಾ? ಯೋಗ್ಯನಾಗಿದ್ರೆ ಕ್ಷಮೆ ಯಾಕೋ, ಕೂಲಿ ಕೊಟ್ಟು ಕಳಿಸ್ತಿದ್ದೆ!" ಎಂದು ಅವಳು ಕಿರುಚಿದಳು. ಎಲಿತ್ಸಾಳ ಕೈಯಲ್ಲಿದ್ದ ತಟ್ಟೆ ಮೇಜಿಗೆ ತಾಗಿತು. "ಕೇಳೋ. ನನ್ನ ಮನಸ್ಸು ಬದಲಾಗೋಕೆ ಮುಂಚೆ ಕೇಳು. ನನಗೆ ಹೆದರಿಕೆ ಆಗ್ತಿದೆ."

ಅವನು ಮಂಡಿಯೂರಿದ. ಬಿಟ್ಟುಬಿಡಿ, ಹೊರಟುಹೋಗಿ, ಬೈದು ಹೋಗಿ ಎಂದು ಬೇಡಿಕೊಳ್ಳಬೇಕು ಅನ್ನಿಸಿತು. ಅವನ ಮೈಯಲ್ಲಿರುವುದೆಲ್ಲ ಬೇಡ ಬೇಡ ಎನ್ನುತ್ತಿತ್ತು. ಒದ್ದದ್ದು ಅವನು, ಬೆಲೆ ಕೂಡ ಅವನೇ ತೆರಬೇಕು, ಇವಳು ಯಾಕೆ ತೆರಬೇಕು? "ನನ್ನನ್ನ ಕ್ಷಮಿಸಿ" ಎಂದ. ಸಾವಿರ ಸಲ ಆಡಿದ್ದ ಮಾತು, ಮೊದಲ ಸಲ ಆಡಿದಂತೆ ತೊದಲಿತು.

"ದೇವರು" ಎಂದು ಶುರುಮಾಡಿ ಅವಳು ನಿಲ್ಲಿಸಿದಳು. ಅವಳ ಕತ್ತಿನ ನರಗಳು ಉಬ್ಬಿ ನಿಂತವು. ಆ ಮೌನದಲ್ಲಿ ಅವಳು ನೀರಿಗಿಳಿದು ಹುಡುಕುತ್ತಿದ್ದಾಳೆ, ಸಿಗದೆ ಬರಿಗೈಯಲ್ಲಿ ಬರುತ್ತಾಳೆ ಎಂದು ವೆಲ್ಕೊನಿಗೆ ಅನ್ನಿಸಿತು, ಸಿಗದೇ ಇರಲಿ ಎಂದು ಅರ್ಧ ಮನಸ್ಸು ಹಾರೈಸಿತು. ಅಜ್ಜಿಯ ಮುಖದಲ್ಲಿ ಕರುಣೆಯ ಕುರುಹೂ ಇರಲಿಲ್ಲ, ಬರೀ ಸಿಟ್ಟಿತ್ತು. ಆ ಸಿಟ್ಟಿನಲ್ಲೇ, ಹಲ್ಲಿಲ್ಲದ ಬಾಯಿಯಿಂದ ಒಂದೊಂದೇ ಶಬ್ದವನ್ನು ಹೊರಗೆ ತಳ್ಳುತ್ತ, "ದೇವರು ಕ್ಷಮಿಸ್ತಾನೆ. ನಾನೂ ಕ್ಷಮಿಸ್ದೆ. ಒದ್ದಿದ್ದನ್ನ. ತಿರುಗಿ ನೋಡಿ ಒದ್ದಿದ್ದನ್ನ" ಎಂದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನನ್ನನ್ನೂ ಕ್ಷಮಿಸು" ಎಂದಳು.

ವೆಲ್ಕೊನಿಗೆ ಅಳು ಬಂತು. ದುಃಖದ ಅಳುವಲ್ಲ, ನಾಚಿಕೆಯ ಅಳು. ಎಲ್ಲರೆದುರು ಬಟ್ಟೆ ಕಳಚಿದವನಿಗೆ ಯಾರೋ ಏನನ್ನೂ ಕೇಳದೆ ಸ್ನಾನ ಮಾಡಿಸುತ್ತಿರುವಾಗ ಬರುವಂಥದ್ದು. ಅವಳು ಕಾಯುತ್ತಿದ್ದಳು. ಅವನ ಉತ್ತರವಿಲ್ಲದೆ ಅವಳು ಆ ಹೊಸ್ತಿಲಿನಿಂದ ಅಲುಗುವಂತಿರಲಿಲ್ಲ, ಅವನಿಂದ ಬೇಕಾದದ್ದು ಅವಳಿಗೆ ಅದೊಂದೇ ಇತ್ತು. "ದೇವರು ಕ್ಷಮಿಸ್ತಾನೆ" ಎಂದ ಅವನು. ಮತ್ತೆ, ಕೇಳಿಸಿತೋ ಇಲ್ಲವೋ ಎಂದು, "ನಾನೂ ಕ್ಷಮಿಸ್ದೆ, ಅಮ್ಮಾ" ಎಂದ. ಅವಳ ಹೆಗಲು ಕುಸಿಯಿತು. ಎಲಿತ್ಸಾ ಓಡಿ ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು, ಒದ್ದೆ ಬಟ್ಟೆಯಿಂದ ಅಂಗೈ ಒರೆಸಿದಳು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಮೂಗು ಸೀಟಿ, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದಳು. ಎಲಿತ್ಸಾ ಬಾನಿತ್ಸಾದ ಒಂದು ದೊಡ್ಡ ತುಂಡು ಕತ್ತರಿಸಿ ಅವಳ ಮುಂದಿಟ್ಟಳು. ಅವಳು ಬೆರಳಿನಿಂದ ತಡವಿ, ಮುರಿದು, ಬಾಯಿಗಿಟ್ಟುಕೊಂಡು ಅಗಿಯತೊಡಗಿದಳು. ವೆಲ್ಕೊ ಇನ್ನೂ ನೆಲದ ಮೇಲೇ ಇದ್ದ.

"ಅವನಿಗೂ ಬಡಿಸು" ಎಂದಳು ಅಜ್ಜಿ, ಎಲಿತ್ಸಾಳಿಗೆ.

"ನನಗೆ ಬೇಡ" ಎಂದ ವೆಲ್ಕೊ.

"ನಿನ್ನನ್ನ ಯಾರು ಕೇಳಿದ್ರು?" ಎಂದಳು ಗಿನ್ಕಜ್ಜಿ. "ಎದ್ದು ಬಂದು ತಿನ್ನು."

ಅವನು ಎದ್ದು ಹೋಗಿ ಅವಳೆದುರು ಕೂತು ತಿಂದ.